ಹಸಿರು ದೀಪದ ಸುಳ್ಳು, ಸರ್ವಿಸ್ ಶೀಟಿನ ಸುಳ್ಳು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: "ಸೆಟಪ್ ಮಾಡಿಯೇ ಕೊಡುತ್ತೇವೆ" ಎಂದು ಮಾರಿದ ಕ್ವಾಡ್‌ಕಾಪ್ಟರ್‌ನ (ನಾಲ್ಕು ರೆಕ್ಕೆಯ ಡ್ರೋನ್) ಬ್ಯಾಟರಿ ಎಚ್ಚರಿಕೆ ದೀಪ ಮತ್ತು ವಿಡಿಯೊ ದೋಷ, ಸರ್ವಿಸ್ ಕೌಂಟರಿನಲ್ಲಿ ನಡೆದ ವರ್ತನೆ.

ಮಾನ್ಯರೇ,

ಫೋನಿನಲ್ಲಿ ಹೇಳಿದ್ದಾಯಿತು, ಇಮೇಲ್ ಬರೆದದ್ದಾಯಿತು, ಕೌಂಟರಿಗೆ ಬಂದು ಸರತಿಯಲ್ಲಿ ನಿಂತದ್ದೂ ಆಯಿತು. ಇಲ್ಲಿಯವರೆಗೂ ದನಿ ಏರಿಸದೆ ಮಾತಾಡಿದ್ದೇನೆ. ನಿನ್ನೆ ನಿಮ್ಮಿಂದ "ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಅಂಕ ಕೊಡಿ" ಎಂಬ ಮೆಸೇಜ್ ಬಂತು. ಏನೂ ಪರಿಹಾರವಾಗಿಲ್ಲ. ಆದ್ದರಿಂದ ಈ ಪತ್ರ.

ಮೊದಲು ದೀಪದ ವಿಷಯ, ಏಕೆಂದರೆ ಅದರಿಂದ ಯಾರ ತಲೆಯಾದರೂ ಒಡೆಯಬಹುದು. ನಿಮ್ಮ ಕೈಪಿಡಿಯ ಪ್ರಕಾರ ಬ್ಯಾಟರಿಯ ನಾಲ್ಕು ಸೆಲ್ಲುಗಳು ತಲಾ 3.5 ವೋಲ್ಟ್‌ಗೆ ಇಳಿದಾಗ ಹಿಂಬದಿಯ ಎಲ್‌ಇಡಿ ಪಟ್ಟಿ ಹಸಿರು ಬಿಟ್ಟು ಕಿತ್ತಳೆಗೆ ತಿರುಗಬೇಕು, 3.3ಕ್ಕೆ ಕೆಂಪಾಗಿ ಮಿನುಗಬೇಕು. ನನ್ನ ಡ್ರೋನ್ ಹಸಿರು ದೀಪ ಹೊತ್ತುಕೊಂಡೇ ಮೋಟರಿನ ಬಲ ಕಳೆದುಕೊಂಡು ಕೆಳಕ್ಕೆ ಬರುತ್ತದೆ. ಕಾರಣವನ್ನು ನಾನೇ ಹುಡುಕಿದ್ದೇನೆ. ಬ್ಯಾಟರಿಯ ಬ್ಯಾಲೆನ್ಸ್ ಕನೆಕ್ಟರಿಗೆ ಮಲ್ಟಿಮೀಟರ್ ಇಟ್ಟರೆ 14.8 ವೋಲ್ಟ್, ಅದೇ ಗಳಿಗೆಯಲ್ಲಿ ಡ್ರೋನನ್ನು ನಿಯಂತ್ರಿಸುವ ನಿಮ್ಮ ಬೋರ್ಡ್, ಕಣ್ಣಿಗೆ ಹಾಕಿಕೊಂಡು ಡ್ರೋನಿನ ಚಿತ್ರ ನೋಡುವ ಗಾಗಲ್ಸ್ ಪರದೆಯ ಮೇಲೆ ತೋರಿಸುವುದು 15.9. ಬ್ಯಾಟರಿಯ ವೋಲ್ಟೇಜನ್ನು ಚಿಪ್ ನೇರವಾಗಿ ಅಳೆಯುವುದಿಲ್ಲ, ಎರಡು ರೆಸಿಸ್ಟರ್‌ಗಳ ಮೂಲಕ ಇಳಿಸಿಕೊಂಡು ಅಳೆದು, ಒಂದು ಸ್ಕೇಲ್ ಅಂಕಿಯಿಂದ ಗುಣಿಸಿ ಹೇಳುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆ ರೆಸಿಸ್ಟರ್‌ಗಳು ಬೋರ್ಡಿನಿಂದ ಬೋರ್ಡಿಗೆ ತುಸು ವ್ಯತ್ಯಾಸವಾಗುವುದರಿಂದಲೇ ಪ್ರತಿ ಬೋರ್ಡನ್ನೂ ಮೀಟರಿಗೆ ಹೋಲಿಸಿ ಅಂಕಿ ಸರಿಪಡಿಸಬೇಕು. ನನ್ನದರಲ್ಲಿ ಆ ಅಂಕಿ 110. ಫರ್ಮ್‌ವೇರ್ (ಬೋರ್ಡಿನೊಳಗಿನ ತಂತ್ರಾಂಶ) ಹಾಕಿದಾಗ ತಾನಾಗಿ ಬರುವ ಅಂಕಿ ಅದು. ಮುಟ್ಟಿಯೇ ಇಲ್ಲ. ನನ್ನ ಬೋರ್ಡಿಗೆ ಬೇಕಾದದ್ದು 102.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ನಾಲ್ಕು ಸೆಲ್ಲಿನ ಬ್ಯಾಟರಿ ನಿಜವಾಗಿ 14.0 ವೋಲ್ಟ್‌ಗೆ ಇಳಿದಾಗ ಎಚ್ಚರಿಕೆ ಬರಬೇಕು. ಆ ಹೊತ್ತಿಗೆ ಬೋರ್ಡ್ 15.04 ಎಂದುಕೊಂಡು ಹಸಿರು ತೋರಿಸುತ್ತಿರುತ್ತದೆ. ಕಿತ್ತಳೆ ಹತ್ತುವಾಗ ಸೆಲ್ ನಿಜಕ್ಕೂ 3.26ರಲ್ಲಿರುತ್ತದೆ, ಅಂದರೆ ನಿಮ್ಮದೇ ಕೆಂಪು ಗೆರೆಯನ್ನೂ ದಾಟಿರುತ್ತದೆ. ಕೆಂಪು ಹತ್ತುವಷ್ಟರಲ್ಲಿ 3.07. ಲಿಪೊ (ಲಿಥಿಯಂ ಪಾಲಿಮರ್) ಸೆಲ್ 3 ವೋಲ್ಟ್‌ಗಿಂತ ಕೆಳಗೆ ಹೋದರೆ ಹಾಳಾಗುತ್ತದೆ ಎಂದು ಬ್ಯಾಟರಿಯ ಹೊದಿಕೆಯ ಮೇಲೆ ನೀವೇ ಅಚ್ಚು ಹಾಕಿದ್ದೀರಿ. ನನ್ನ ಎರಡು ಬ್ಯಾಟರಿ ಆಗಲೇ ಉಬ್ಬಿವೆ. ಬೋರ್ಡ್ ತಾನೇ ಸೆಲ್ ಎಣಿಸಲು ಬಿಟ್ಟಿದ್ದರೆ ಪೂರ್ತಿ ಚಾರ್ಜಾದ ಬ್ಯಾಟರಿಯನ್ನು ಐದು ಸೆಲ್ ಎಂದು ತಿಳಿದು ಹೊರಡುವಾಗಲೇ ತಪ್ಪು ಹೊರಬೀಳುತ್ತಿತ್ತು. ಸೆಲ್ ಸಂಖ್ಯೆಯನ್ನು ನಾಲ್ಕಕ್ಕೆ ಕಟ್ಟಿಹಾಕಿ ಆ ದಾರಿಯನ್ನೂ ನೀವು ಮುಚ್ಚಿದ್ದೀರಿ. ಸ್ಕೇಲ್ ಅಂಕಿಯನ್ನು ನಾನೇ ಬದಲಿಸಿಕೊಳ್ಳಬಹುದಿತ್ತು, ಅರ್ಧ ನಿಮಿಷದ ಕೆಲಸ. ಬದಲಿಸಿದರೆ ವಾರಂಟಿ ಹೋಗುತ್ತದೆ ಎಂಬ ಷರತ್ತು ಬರೆದವರು ನೀವು, ಅದನ್ನು ನಾನು ಇಲ್ಲಿ ಓದಿ ಹೇಳಬೇಕಿಲ್ಲ. ರವಾನೆಗೆ ಮುಂಚೆ ಏನೇನು ಪರೀಕ್ಷಿಸಿ ಸಹಿ ಹಾಕಬೇಕೆಂಬ ನಿಮ್ಮ ಪಟ್ಟಿಯೂ ನಿಮಗೆ ಗೊತ್ತು. ನನ್ನ ಪೆಟ್ಟಿಗೆಯಲ್ಲಿದ್ದ ಪಟ್ಟಿಯಲ್ಲಿ "ವೋಲ್ಟೇಜ್ ಹೊಂದಾಣಿಕೆ" ಸಾಲಿನ ಎದುರು ಟಿಕ್ ಇದೆ. ಆ ಟಿಕ್ ಹಾಕಿದವರು ಮೀಟರ್ ಕೈಗೆ ತೆಗೆದುಕೊಂಡಿಲ್ಲ.

ವಿಡಿಯೊ ದೋಷವನ್ನು ಚಿಕ್ಕದಾಗಿ ಹೇಳುತ್ತೇನೆ. ಸ್ವಲ್ಪ ದೂರ ಹೋದರೆ ಸಾಕು, ಪರದೆ ತುಂಬ ಚುಕ್ಕಿ. ಡ್ರೋನ್ ವಿಡಿಯೊಗೆ ಬಳಸುವ ರೇಸ್‌ಬ್ಯಾಂಡ್ ಎಂಬ ಚಾನೆಲ್ ಗುಂಪಿನ 5658 ಮೆಗಾಹರ್ಟ್ಸ್‌ನಿಂದ 5917ರವರೆಗೆ ಎಂಟೂ ಚಾನೆಲ್ಲಿನಲ್ಲಿ ಅದೇ ಕಥೆ. ಡ್ರೋನಿನಿಂದ ಚಿತ್ರ ಕಳಿಸುವ ಟ್ರಾನ್ಸ್‌ಮಿಟರಿಗೆ ನೀವು ಎಡಸುತ್ತಿನ (ಅಲೆಯನ್ನು ಎಡಕ್ಕೆ ಸುತ್ತಿಸಿ ಕಳಿಸುವ) ಆಂಟೆನಾ ಹಾಕಿದ್ದೀರಿ, ಅದೇ ಪೆಟ್ಟಿಗೆಯ ಗಾಗಲ್ಸ್‌ಗೆ ಬಲಸುತ್ತಿನದು. ಸುತ್ತು ಹೊಂದದಿದ್ದರೆ ಸಾಮಾನ್ಯವಾಗಿ 20 ಡೆಸಿಬಲ್ ಆಸುಪಾಸು ನಷ್ಟ. ನೂರರಲ್ಲಿ ಒಂದು ಪಾಲು ಸಿಗ್ನಲ್ ಮಾತ್ರ ಉಳಿಯುತ್ತದೆ. ನನ್ನ ಹಳೆಯ ಡ್ರೋನಿನ ಬಲಸುತ್ತಿನ ಆಂಟೆನಾ ತಿರುಗಿಸಿ ಹಾಕಿದ ಕೂಡಲೇ ಚಿತ್ರ ಸ್ವಚ್ಛವಾಯಿತು.

ಇಷ್ಟನ್ನೂ ಕಾಗದದಲ್ಲಿ ಬರೆದುಕೊಂಡು, ಮಲ್ಟಿಮೀಟರ್ ಹಿಡಿದುಕೊಂಡು ನಿಮ್ಮ ಕೌಂಟರಿಗೆ ಬಂದೆ. ಅಲ್ಲಿ ನಡೆದದ್ದನ್ನು ಒಂದು ಮಾತೂ ಬಿಡದೆ ಬರೆಯುತ್ತೇನೆ, ಏಕೆಂದರೆ ನಿಮ್ಮ ದಾಖಲೆಯಲ್ಲಿ ಅದು ಬೇರೆಯೇ ರೂಪದಲ್ಲಿದೆ.

ನಿಮ್ಮ ಟೆಕ್ನಿಷಿಯನ್ ಕಾಗದ ನೋಡಲಿಲ್ಲ. "ಡ್ರೋನ್ ಯಾರದು ಮೇಡಂ?" ಎಂದರು. "ನನ್ನದೇ" ಎಂದೆ. "ಅಲ್ಲ, ಹಾರಿಸೋದು ಯಾರು?" "ನಾನೇ ಹಾರಿಸೋದು." ಅವರು ಪಕ್ಕದವರ ಮುಖ ನೋಡಿದರು, ಪಕ್ಕದವರು ನಕ್ಕರು. "ಲೈಟು ಹತ್ತುತ್ತಾ?" "ಹತ್ತುತ್ತೆ, ಆದರೆ ಬಣ್ಣ ತಪ್ಪು. ಬೋರ್ಡು ಹೆಚ್ಚು ವೋಲ್ಟೇಜ್ ಓದ್ತಿದೆ, ಇಲ್ಲೇ ಅಳೆದು ತೋರಿಸ್ತೀನಿ" ಎಂದು ಮೀಟರ್ ತೆಗೆದೆ. ಕೈ ಅಡ್ಡ ಹಿಡಿದರು. "ಹೊರಗಡೆ ಮೀಟರ್ ನಾವು ಒಪ್ಪಲ್ಲ." "ಹಾಗಾದರೆ ನಿಮ್ಮ ಮೀಟರಲ್ಲೇ ಅಳೀರಿ." "ಅಗತ್ಯ ಇಲ್ಲ ಮೇಡಂ. ಹಸಿರು ಅಂದ್ರೆ ಸರಿ ಇದೆ ಅಂತ. ಟ್ರಾಫಿಕ್ ಸಿಗ್ನಲ್ ನೋಡಿದೀರಲ್ಲ, ಹಂಗೇ." ಹಿಂದೆ ನಿಂತಿದ್ದ ಇಬ್ಬರು ಗ್ರಾಹಕರೂ ನಕ್ಕರು. ಆಂಟೆನಾ ವಿಷಯ ಎತ್ತಿದೆ. "ಮರ ಗಿರ ಅಡ್ಡ ಬಂದಿರುತ್ತೆ" ಎಂದರು. ಬಯಲಿನಲ್ಲಿ ಹಾರಿಸಿದ್ದು ಎಂದೆ. ಆಗ ಅವರು ಹೇಳಿದ ಮಾತು ಇದು: "ಮನೇಲಿ ಹುಡುಗರು ಯಾರಾದ್ರೂ ಇದ್ರೆ ಕಳಿಸಿ ಮೇಡಂ, ಅವರಿಗೆ ಅರ್ಥ ಆಗೋ ಹಂಗೆ ಹೇಳಿಕೊಡ್ತೀನಿ."

ನಾನು ಉತ್ತರ ಕೊಡುವ ಮೊದಲೇ ಅವರು ಟ್ರಾನ್ಸ್‌ಮಿಟರಿನ ಆಂಟೆನಾ ಬಿಚ್ಚಿ ಮೇಜಿನ ಮೇಲಿಟ್ಟು, ಹಾಗೆಯೇ ಬ್ಯಾಟರಿ ಚುಚ್ಚಿದರು. ಆಂಟೆನಾ ಇಲ್ಲದೆ ವಿಡಿಯೊ ಟ್ರಾನ್ಸ್‌ಮಿಟರಿಗೆ ಕರೆಂಟ್ ಕೊಡಬಾರದು, ಹೊರಹೋಗಲಾಗದ ಶಕ್ತಿ ಹಿಂದಕ್ಕೆ ಮರಳಿ ಔಟ್‌ಪುಟ್ ಭಾಗವನ್ನೇ ಸುಡುತ್ತದೆ. ನಿಮ್ಮ ಕೈಪಿಡಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿರುವ ಎಚ್ಚರಿಕೆ ಇದೇ. "ತೆಗೀರಿ, ಮೊದಲು ತೆಗೀರಿ" ಎಂದು ಕೂಗಿದೆ. "ಶಾಕ್ ಏನೂ ಹೊಡೆಯಲ್ಲ ಮೇಡಂ, ಹೆದರಬೇಡಿ" ಎಂದು ಅವರು ಇನ್ನಷ್ಟು ಹೊತ್ತು ಹಾಗೇ ಬಿಟ್ಟರು. ಕೊನೆಗೆ ನಾನೇ ಮೇಜಿನ ಆಚೆ ಕೈ ಚಾಚಿ ಕನೆಕ್ಟರ್ ಕಿತ್ತೆ. ಟ್ರಾನ್ಸ್‌ಮಿಟರ್ ಮುಟ್ಟಿದರೆ ಬೆರಳು ಇಡಲಾರದಷ್ಟು ಬಿಸಿ.

ಆಮೇಲೆ ಸರ್ವಿಸ್ ಶೀಟ್ ಕೊಟ್ಟು ಸಹಿ ಮಾಡಿ ಎಂದರು. ಅದರಲ್ಲಿದ್ದದ್ದು: "ದೋಷವಿಲ್ಲ. ಬಳಕೆದಾರರ ತಪ್ಪು. ಗ್ರಾಹಕರಿಗೆ ಬಳಕೆಯ ತರಬೇತಿ ನೀಡಲಾಗಿದೆ." ಸಹಿ ಮಾಡದಿದ್ದರೆ ಡ್ರೋನ್ ವಾಪಸ್ ಕೊಡುವುದಿಲ್ಲ ಎಂದರು. "ಒಪ್ಪಿಗೆಯಿಲ್ಲ" ಎಂದು ಬರೆದು ಸಹಿ ಮಾಡಿದ್ದೇನೆ. ನಿಮ್ಮ ಮೆಸೇಜಿನ ಜೊತೆ ಬಂದ ಪ್ರತಿಯಲ್ಲಿ ಸಹಿ ಇದೆ, ಆ ಪದ ಇಲ್ಲ. ಮೂಲ ಶೀಟಿನ ಫೋಟೊ ನನ್ನ ಬಳಿ ಇದೆ.

ಅಂದಿನಿಂದ ಸರಿಯಾದ ಆಂಟೆನಾ ಹಾಕಿದರೂ ಚಿತ್ರ ಕೆಲವು ಹೆಜ್ಜೆಗೇ ಚೂರಾಗುತ್ತದೆ. ನಾನು ಸರಿಪಡಿಸಿಕೊಂಡಿದ್ದ ಒಂದು ಭಾಗವನ್ನೂ ನೀವು ಸುಟ್ಟು ಕೊಟ್ಟಿರಿ. ಕರೆ ಮಾಡಿದರೆ "ಟ್ರಾನ್ಸ್‌ಮಿಟರ್ ಸುಟ್ಟರೆ ವಾರಂಟಿ ಇಲ್ಲ, ಗ್ರಾಹಕರು ಆಂಟೆನಾ ಇಲ್ಲದೆ ಆನ್ ಮಾಡಿರುತ್ತಾರೆ" ಎಂದರು. ಕೌಂಟರಿನ ಮೇಲೆ ಕ್ಯಾಮೆರಾ ಇದೆ. ಆ ದಿನದ ದೃಶ್ಯ ಅಳಿಸದಂತೆ ಕಾದಿಡಬೇಕೆಂದು ಈ ಪತ್ರದ ಮೂಲಕ ಲಿಖಿತವಾಗಿ ಕೇಳುತ್ತಿದ್ದೇನೆ.

ಬೋರ್ಡ್, ಟ್ರಾನ್ಸ್‌ಮಿಟರ್, ಉಬ್ಬಿದ ಬ್ಯಾಟರಿಗಳನ್ನು ಬದಲಿಸಿಕೊಡಿ. "ಬಳಕೆದಾರರ ತಪ್ಪು" ಎಂಬ ಸಾಲನ್ನು ದಾಖಲೆಯಿಂದ ತೆಗೆದು, ತೆಗೆದದ್ದನ್ನು ನನಗೆ ಬರೆದು ತಿಳಿಸಿ. ಇದೇ ಬ್ಯಾಚಿನ ಬೋರ್ಡ್ ಕೊಂಡ ಉಳಿದವರನ್ನು ಕರೆದು ಅವರ ವೋಲ್ಟೇಜನ್ನು ಅಳೆಯಿರಿ. ಹಸಿರು ದೀಪ ನಂಬಿ ಜನರ ನಡುವೆ ಹಾರಿಸುವವರು ಅವರಲ್ಲಿ ಇದ್ದೇ ಇರುತ್ತಾರೆ. ದೀಪವೇ ಇಲ್ಲದಿದ್ದರೆ ಗಡಿಯಾರ ನೋಡಿಕೊಂಡು ಇಳಿಸುತ್ತಿದ್ದರು.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ನ್ಯಾಯಾಲಯದಲ್ಲಿ ಭೇಟಿಯಾಗೋಣ. ನನ್ನ ಸಹಿಯಿರುವ, "ಒಪ್ಪಿಗೆಯಿಲ್ಲ" ಅಳಿಸಿದ ಪ್ರತಿಗೆ ಅಲ್ಲಿ ನೀವೇ ಉತ್ತರ ಹೇಳಬೇಕಾಗುತ್ತದೆ. ಇನ್ನೊಂದು ವಿಷಯ ಈಗಲೇ ತಿಳಿದಿರಲಿ. ಮೀಟರ್ ಮತ್ತು ಪರದೆಯನ್ನು ಅಕ್ಕಪಕ್ಕ ಇಟ್ಟು ಚಿತ್ರೀಕರಿಸಿದ್ದೇನೆ. ನೀವು ಹಣ ಹಿಂದಿರುಗಿಸಿದರೂ, ಕ್ಷಮೆ ಕೇಳಿದರೂ, ಉಳಿದ ಬೋರ್ಡುಗಳನ್ನು ವಾಪಸ್ ಕರೆಯುವವರೆಗೆ ಆ ವಿಡಿಯೊವನ್ನು ಡ್ರೋನ್ ಹಾರಿಸುವ ಪ್ರತಿಯೊಬ್ಬರಿಗೂ ತೋರಿಸುವುದನ್ನು ನಾನು ನಿಲ್ಲಿಸುವುದಿಲ್ಲ.

ಇತಿ,
ನಿಮ್ಮ ದಾಖಲೆಯಲ್ಲಿ "ತರಬೇತಿ ಪಡೆದ" ಗ್ರಾಹಕಿ

ಲಗತ್ತು: ಸರ್ವಿಸ್ ಶೀಟಿನ ಮೂಲ ಪ್ರತಿಯ ಫೋಟೊ, ನೀವು ಕಳಿಸಿದ ಪ್ರತಿ, ಎರಡು ಆಂಟೆನಾಗಳ ಚಿತ್ರ, ಅಳತೆಯ ವಿಡಿಯೊ.