ಎರಡು ಓಎಸ್ ಇದ್ದರೆ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅದರ ಜೊತೆಗೇ ಉಬುಂಟು ಅಥವಾ ಮಿಂಟ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ (ಓಎಸ್) ಹಾಕಿಸುವುದು ಒಳ್ಳೆಯ ದಾರಿ. ಆದರೆ ಎರಡೂ ಕಡೆಯಿಂದ ಬಳಸುವ ಡಿ ಡ್ರೈವಿನ ಫೈಲ್‌ಗಳು ಕೆಟ್ಟುಹೋಗುವ ಅಪಾಯವನ್ನು ಹಾಕಿಕೊಡುವವರು ಮೊದಲೇ ಹೇಳಬೇಕು.

ವಿಂಡೋಸ್ 8ರಿಂದೀಚೆಗೆ ‘ಶಟ್ ಡೌನ್’ ಒತ್ತಿದರೂ ಸಿಸ್ಟಂ ಪೂರ್ತಿ ಮುಚ್ಚುವುದಿಲ್ಲ. ಬೇಗ ಏಳಲೆಂದು ತನ್ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಳ್ಳುತ್ತದೆ; ಇದೇ ‘ಫಾಸ್ಟ್ ಸ್ಟಾರ್ಟಪ್’. ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವೂ ಅದರಲ್ಲಿರುತ್ತದೆ. ನಡುವೆ ಲಿನಕ್ಸ್‌ನಿಂದ ಅದೇ ಡ್ರೈವಿಗೆ ಏನಾದರೂ ಬರೆದರೆ, ವಿಂಡೋಸ್ ಎದ್ದಾಗ ಹಳೆಯ ಲೆಕ್ಕವನ್ನೇ ನಂಬಿ ಅದರ ಮೇಲೆ ಬರೆಯುತ್ತದೆ. ಫೋಲ್ಡರ್‌ಗಳು ಕಾಣೆಯಾಗುವುದು ಹೀಗೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್‌ಗಳ ಸೆಟ್ಟಿಂಗ್ ತೆರೆದು ‘ಫಾಸ್ಟ್ ಸ್ಟಾರ್ಟಪ್’ ಟಿಕ್ ತೆಗೆಯಿರಿ. ವಿಂಡೋಸನ್ನು ಹೈಬರ್ನೇಟ್ ಮಾಡಿಟ್ಟು (ತೆರೆದ ಕೆಲಸವನ್ನೆಲ್ಲ ಡಿಸ್ಕ್‌ನಲ್ಲಿ ಉಳಿಸಿ ಆರಿಸಿ) ಲಿನಕ್ಸ್‌ಗೆ ಹೋಗಲೂ ಬೇಡಿ. ಲಿನಕ್ಸ್ ಆ ಡ್ರೈವನ್ನು ಓದಲು ಮಾತ್ರ ಬಿಟ್ಟರೆ, ಬಲವಂತದಿಂದ ಮೌಂಟ್ ಮಾಡದೆ (ಬರೆಯಲು ತೆರೆಯದೆ) ವಿಂಡೋಸ್‌ಗೆ ಮರಳಿ ‘ರೀಸ್ಟಾರ್ಟ್’ ಕೊಡಿ. ಅದು ಪೂರ್ತಿ ಮುಚ್ಚುತ್ತದೆ. ಡ್ರೈವಿನಲ್ಲಿ ದೋಷ ಕಂಡರೆ ರಿಪೇರಿಯನ್ನು ವಿಂಡೋಸ್‌ನ ಚೆಕ್‌ಡಿಸ್ಕ್‌ಗೇ ಬಿಡಿ.

ಹಂಚಿಕೊಳ್ಳುವ ಡ್ರೈವಿಗೆ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಸಾಕು. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಯದು. ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ಸರಿ, ಆದರೆ ಅದಕ್ಕೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ. ಬರೆಯುವಾಗ ಕರೆಂಟ್ ಹೋದರೆ ಫೋಲ್ಡರ್ ರಚನೆಯೇ ಹಾಳಾಗಬಹುದು. ಲಿನಕ್ಸ್‌ನ ಎಕ್ಸ್‌ಟಿ4 ವಿಂಡೋಸ್‌ಗೆ ತಾನಾಗಿ ಅರ್ಥವಾಗದು. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ, ಇಲ್ಲದಿದ್ದರೆ ಲಿನಕ್ಸ್ ಇರುವ ಪಾರ್ಟಿಷನ್ನೇ (ಡಿಸ್ಕ್‌ನ ಭಾಗವೇ) ಅಳಿಸಿಹೋಗುತ್ತದೆ.

ಇನ್ನೊಂದು ಮಾತು: ವಿಂಡೋಸ್ ಪಾಸ್‌ವರ್ಡ್ ನಿಮ್ಮ ಕಡತಗಳನ್ನು ಕಾಯುವುದಿಲ್ಲ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿದವರು ಎನ್‌ಕ್ರಿಪ್ಟ್ ಆಗದ (ಗೂಢಲಿಪಿಯಲ್ಲಿಲ್ಲದ) ಡ್ರೈವಿನಲ್ಲಿರುವುದನ್ನೆಲ್ಲ ಓದಬಲ್ಲರು. ವಿಂಡೋಸ್‌ನ ಎನ್‌ಕ್ರಿಪ್ಷನ್ ಸೌಲಭ್ಯವಾದ ಬಿಟ್‌ಲಾಕರ್ ಚಾಲೂ ಇದ್ದರೆ, ಪಾರ್ಟಿಷನ್ ಅಥವಾ ಸೆಕ್ಯೂರ್ ಬೂಟ್ (ನಂಬಿಕಸ್ಥ ಓಎಸ್ ಮಾತ್ರ ಏಳಲು ಬಿಡುವ ಸೆಟ್ಟಿಂಗ್) ಮುಟ್ಟುವ ಮುನ್ನವೇ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಕಂಪ್ಯೂಟರ್ ಆ ಕೀ ಕೇಳಿದಾಗ ಅದು ಕೈಯಲ್ಲಿಲ್ಲದಿದ್ದರೆ ಅಂಗಡಿಯವರೂ ಏನೂ ಮಾಡಲಾರರು. ಬೇಕಾದ ಫೋಟೊ, ದಾಖಲೆಗಳ ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿದ್ದ ಮೇಲೆಯೇ ಪಾರ್ಟಿಷನ್ ಕಿರಿದು ಮಾಡುವ ಕೆಲಸಕ್ಕೆ ಕೈಹಾಕಿ.

— ಒಬ್ಬ ಓದುಗ, ಮೈಸೂರು