ಶನಿವಾರದ ಕೇಸ್ ಚರ್ಚೆ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 10ಕ್ಕೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮಾನಸಿಕ ರೋಗಿಗಳ ಕೇಸ್ ಚರ್ಚೆ. ಮನೆಭೇಟಿಗೆ ಹೋಗುವವರೆಲ್ಲ ಬರಬೇಕು.

ಕೇಸ್ ಬರೆಯುವಾಗ ಹೆಸರು ಬದಲಿಸಿದರೆ ಸಾಲದು. ನಮ್ಮ ಊರಲ್ಲಿ ಮನೆಹೆಸರು, ವಾರ್ಡ್ ಹೇಳಿದರೆ ಸಾಕು, ಯಾರೆಂದು ಗೊತ್ತಾಗಿಬಿಡುತ್ತದೆ, ಅವೂ ಬೇಡ. ಔಷಧಿ ಚೀಟಿಯ ಫೋಟೋ ಗುಂಪಿಗೆ ಹಾಕಿದ್ದರೆ ಇವತ್ತೇ ಅಳಿಸಿ. ಗೋಪ್ಯತೆ ರೋಗಿಗಳ ಹಕ್ಕು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್‌ನಲ್ಲೇ ಇದೆ. ರೋಗದ ಹೆಸರು ಹೇಳುವುದು ಮನೋವೈದ್ಯರ ಕೆಲಸ. ನಾವು ಕಂಡದ್ದನ್ನಷ್ಟೇ ಬರೆಯೋಣ: ನಿದ್ದೆ, ಊಟ, ಮಾತು ಹೇಗಿದೆ, ಎಷ್ಟು ದಿನದಿಂದ. ಮಲಯಾಳದ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಿದ ಮೇಲೆಯೇ ಸಹಿ. ಅರ್ಥವಾಗದೆ ಹಾಕಿದ ಸಹಿ ಒಪ್ಪಿಗೆಯಲ್ಲ.

ಜೀವಕ್ಕೆ ಅಪಾಯ ಕಂಡರೆ ಶನಿವಾರಕ್ಕೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ. ಬರುವವರು ಗುರುವಾರದೊಳಗೆ ಇಲ್ಲೇ ತಿಳಿಸಿ.