ಅಜ್ಜಿಯ ದನಿ ಇರುವ ಕ್ಯಾಸೆಟ್

ಚಿರಂಜೀವಿ ಅನುಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಮೊಬೈಲ್ ಬಕೆಟ್ಟಿಗೆ ಬಿತ್ತು, ಪುಟ್ಟಿ ಮೊದಲ ಸಲ ಹೆಜ್ಜೆ ಇಟ್ಟ ವಿಡಿಯೊ ಹೋಯಿತು, ಬೇರೆಲ್ಲೂ ಇಟ್ಟಿರಲಿಲ್ಲ ಅಂದೆ. ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನನಗೂ ಹೀಗೇ ಆಗಿತ್ತು. 1989ರಲ್ಲಿ ಮನೆಗೆ ಟೇಪ್ ರೆಕಾರ್ಡರ್ ಬಂದಾಗ ಅಮ್ಮ, ಅಂದರೆ ನಿನ್ನ ಅಜ್ಜಿ, ಅದರ ಮುಂದೆ ಕೂತು ಹಸೆ ಹಾಡು, ಆರತಿ ಹಾಡು, ಬೀಸುವ ಪದ ಎಲ್ಲ ಹಾಡಿದ್ದಳು. ಮೂರು ಕ್ಯಾಸೆಟ್ ತುಂಬಿದ್ದವು. ಮಧ್ಯೆ ಕೊಟ್ಟಿಗೆಯಲ್ಲಿ ಕರು ಕೂಗಿದ್ದು, "ಒಲೆ ಮೇಲೆ ಹಾಲಿದೆ ನೋಡೇ" ಅಂತ ಅವಳು ನನಗೆ ಹೇಳಿದ್ದು, ಅದೂ ಅದರಲ್ಲಿತ್ತು. ಕ್ಯಾಸೆಟ್ಟಿನ ಅಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತವೆ. ಅವನ್ನು ಮುರಿದಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ನಾನು ಮುರಿಯಲಿಲ್ಲ. ಒಂದರ ಮೇಲೆ ಯಾರೋ ಸಿನಿಮಾ ಹಾಡು ತುಂಬಿಸಿದರು. ಇನ್ನೊಂದು ಅಟ್ಟದ ಮೇಲೆ ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯಿತು. ಆ ಟೇಪ್ ಅಂದರೆ ತೆಳು ಪ್ಲಾಸ್ಟಿಕ್ ಮೇಲೆ ಅಂಟಿಸಿದ ಕಬ್ಬಿಣದ ತುಕ್ಕಿನಂಥ ಪುಡಿ ಅಷ್ಟೇ. ದನಿ ಇರುವುದು ಆ ಪುಡಿಯಲ್ಲಿ. ಅಂಟು ಬಿಟ್ಟರೆ ದನಿಯೂ ಉದುರಿ ಹೋಗುತ್ತದೆ.

ಮೂರನೆಯದು ಚೆನ್ನಾಗಿದೆ. ಆದರೆ ಹಾಕಿ ಕೇಳಲು ಟೇಪ್ ರೆಕಾರ್ಡರ್ ಇಲ್ಲ, ರಿಪೇರಿ ಮಾಡುವವರೂ ಇಲ್ಲ. ನಿನ್ನ ದೊಡ್ಡಪ್ಪನ ಅಡಿಕೆ ಲೆಕ್ಕದ ಫ್ಲಾಪಿಗಳ ಕಥೆಯೂ ಅದೇ. ಹಾಕಲು ಈಗಿನ ಕಂಪ್ಯೂಟರಿನಲ್ಲಿ ಕಂಡಿಯೇ ಇಲ್ಲವಲ್ಲ! ಅದೇ ನಿನ್ನಮ್ಮ ಹುಟ್ಟಿದಾಗ ಬಂದ ತಂತಿ ನೋಡು. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತಿತು, ಆ ಕಾಗದ ಮಾತ್ರ ಟ್ರಂಕಿನಲ್ಲಿದೆ, ಇವತ್ತೂ ಓದಬಹುದು.

ನಮ್ಮ ಹಿರಿಯರಿಗೂ ಈ ಕಷ್ಟ ಇತ್ತು ಅನು. ತಾಳೆಗರಿಗೆ ಹುಳ ಹಿಡಿಯುತ್ತದೆ, ಅದಕ್ಕೇ ಹಳೆಯದು ಹಾಳಾಗುವ ಮುಂಚೆ ಹೊಸ ಗರಿಯ ಮೇಲೆ ಪ್ರತಿ ಮಾಡುತ್ತಿದ್ದರು. ವಚನಗಳು ಶತಮಾನಗಟ್ಟಲೆ ಉಳಿದು ಬಂದಿದ್ದು ಹಾಗೆ ಬರೆದಿಟ್ಟವರಿಂದಲೇ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗೆ ಹೋಗಿ ಆ ಕಟ್ಟುಗಳನ್ನು ಹುಡುಕಿದರು. ಎಷ್ಟೋ ಮನೆಗಳಲ್ಲಿ ಅದು ಪೂಜೆಗೆ ಇತ್ತೇ ಹೊರತು ಓದುವವರು ಇರಲಿಲ್ಲ. 1923ರಲ್ಲಿ ಅವರು ವಚನಗಳ ಸಂಗ್ರಹವನ್ನು ಅಚ್ಚು ಹಾಕಿಸಿದ್ದರಿಂದ ಇವತ್ತು ನಾವು ಓದುತ್ತಿದ್ದೇವೆ. ಬಿಚ್ಚದೆ ಜೋಪಾನವಾಗಿ ಇಟ್ಟರೆ ಸಾಲದು. ನಾನು ಮಾಡಿದ ತಪ್ಪೂ ಅದೇ. ಅಟ್ಟದಲ್ಲಿದೆ, ಇರುತ್ತದೆ ಅಂದುಕೊಂಡೆ.

ನೀನು ಹಾಗೆ ಮಾಡಬೇಡ. ಪುಟ್ಟಿಯ ಫೋಟೊ, ವಿಡಿಯೊ ಎರಡು ಕಡೆ ಇರಲಿ, ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ನಿನ್ನ ತಂಗಿಯ ಹತ್ತಿರ. ಆನ್‌ಲೈನಿನಲ್ಲಿ ಇದೆ ಅಂತ ಸುಮ್ನೆ ಕೂರಬೇಡ. ಗೂಗಲ್ ಖಾತೆ ಎರಡು ವರ್ಷ ಬಳಸದಿದ್ದರೆ ಅಳಿಸಬಹುದು ಅಂತ ಅವರ ನಿಯಮದಲ್ಲೇ ಇದೆ. ಪಾಸ್‌ವರ್ಡ್ ನಿನ್ನ ಯಜಮಾನರಿಗೂ ಗೊತ್ತಿರಲಿ. ವರ್ಷಕ್ಕೊಮ್ಮೆ, ಪುಟ್ಟಿಯ ಹುಟ್ಟುಹಬ್ಬದ ದಿನವೇ ಆಗಲಿ, ಎಲ್ಲ ತೆಗೆದು ನೋಡಿ, ಒಂದಿಪ್ಪತ್ತು ಫೋಟೊ ಪ್ರಿಂಟ್ ಹಾಕಿಸು. ಹಿಂದೆ ಪೆನ್ಸಿಲ್‌ನಲ್ಲಿ ಯಾರು, ಯಾವ ಊರು, ಯಾವ ವರ್ಷ ಅಂತ ಬರೆದಿಡು. ನಮ್ಮ ಹಳೆಯ ಆಲ್ಬಮ್ಮಿನಲ್ಲಿ ಅರ್ಧ ಜನರ ಹೆಸರು ಹೇಳುವವರು ಈಗ ಯಾರೂ ಇಲ್ಲ.

ಈಗಿನ ಕಂಪ್ಯೂಟರಿಗೆ ಸ್ವಲ್ಪ ದನಿ ಕೇಳಿಸಿದರೆ ಅದೇ ದನಿಯಲ್ಲಿ ಹೊಸ ಮಾತು ಆಡುತ್ತದಂತೆ, ನೀನೇ ಹೇಳಿದ್ದೆ. ಇರಬಹುದು, ಮುಂದೆ ಇನ್ನೂ ಏನೇನೋ ಬರಬಹುದು. ನನಗೆ ಅಮ್ಮ ಆಡದ ಮಾತು ಬೇಡ. ಅವಳು ಹಾಲು ಉಕ್ಕೀತು ಅಂತ ಹಾಡು ನಿಲ್ಲಿಸಿದ್ದು ಬೇಕು.

ದೀಪಾವಳಿಗೆ ಬರುವಾಗ ನಿನ್ನ ಲ್ಯಾಪ್‌ಟಾಪ್ ತಾ. ಅಲ್ಲೇ ಎಲ್ಲಾದರೂ ಸರಿಯಿರುವ ಹಳೆಯ ವಾಕ್‌ಮನ್ ಸಿಕ್ಕರೆ ತೆಗೆದುಕೋ, ಅದರ ಇಯರ್‌ಫೋನ್ ತೂತಿನಿಂದ ಒಂದು ವೈರ್ ಲ್ಯಾಪ್‌ಟಾಪಿಗೆ ಕೊಟ್ಟರೆ ರೆಕಾರ್ಡ್ ಆಗುತ್ತದಂತೆ. ಮೂರನೆಯ ಕ್ಯಾಸೆಟ್ ಈಗ ನನ್ನ ಬೀರುವಿನಲ್ಲಿ, ಸೀರೆಗಳ ನಡುವೆ ಇದೆ. ಆ ಎರಡು ಚೂರುಗಳನ್ನು ನಿನ್ನೆ ಮುರಿದಿಟ್ಟೆ.

ನಿನ್ನ ಪ್ರೀತಿಯ
ದೊಡ್ಡಮ್ಮ